ಒದ್ದಾಟ

ಗಾಜಿನ ಜಾಡಿಯ ನೀರಿನಲ್ಲಿ ಇಲಿ ಈಜುತ್ತಿತ್ತು. ಖಿನ್ನತೆಗೆ ಮದ್ದು ಹುಡುಕುತ್ತಿದ್ದ ವಿಜ್ಞಾನಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದರು.

"ಒದ್ದಾಡೋದು ನೋಡೋಕಾಗಲ್ಲ ಸರ್, ಎತ್ತಿಬಿಡ್ಲಾ?" ಎಂದಳು, ಕೆಲಸಕ್ಕೆ ಸೇರಿ ತಿಂಗಳಾಗಿದ್ದ ಸಹಾಯಕಿ.

"ಒದ್ದಾಡ್ತಿದೆ ಅಂದ್ರೆ ಇನ್ನೂ ಆಸೆ ಇದೆ ಅಂತಮ್ಮಾ. ಅದನ್ನೂ ಬಿಟ್ಟು ಸುಮ್ಮನೆ ತೇಲುತ್ತಲ್ಲ, ಆಗ ಹೆದರ್ಬೇಕು."

ಸ್ವಲ್ಪ ಹೊತ್ತಿಗೆ ಇಲಿ ಸುಮ್ಮನಾಯಿತು. ಅವರು ಸಮಯ ಬರೆದುಕೊಂಡರು. ಅವಳು ಇಲಿಯನ್ನೆತ್ತಿ ಟವೆಲ್ಲಿನಲ್ಲಿ ಒರೆಸಿದಳು.

"ಮನೆಯಿಂದ ಮೇಡಂ ಈಗೀಗ ಫೋನೇ ಮಾಡಲ್ವಲ್ಲ ಸರ್? ಮೊದಲು ದಿನಾ ಮಾಡಿ ಅಳ್ತಿದ್ರು."

ವಿಜ್ಞಾನಿ ಮುಂದಿನ ಇಲಿಯನ್ನು ನೀರಿಗೆ ಬಿಟ್ಟರು.

"ಆ ರಗಳೆ ಎಲ್ಲ ಮುಗೀತು ಬಿಡು. ಹದಿನೈದು ದಿನದಿಂದ ಅಳೂ ಇಲ್ಲ, ಜಗಳಾನೂ ಇಲ್ಲ. ಕೂತಲ್ಲೇ ಸುಮ್ಮನೆ ಕೂತಿರ್ತಾಳೆ. ಮನೇಲಿ ಈಗ ನೆಮ್ಮದಿ."