ಪೈಲ್ವಾನರ ಗುಂಡುಕಲ್ಲು

ಪ್ರಾಯದಲ್ಲಿ ಒಂದೇ ಒಂದು ಸಲ ಆ ಗುಂಡುಕಲ್ಲನ್ನು ಹೆಗಲಿಗೇರಿಸಿದ್ದಕ್ಕೆ ನೀಲವ್ವನ ಗಂಡ ಊರಿಗೇ ಭೀಮನಾಗಿದ್ದ. ಸತ್ತ ಮೇಲೆ ಪ್ರತಿಮೆಯೂ ಆದ. ಕಲ್ಲು ಮಾತ್ರ ಅವಳ ಪಡಸಾಲೆಯಲ್ಲೇ ಉಳಿದಿತ್ತು. ಅನಾವರಣದ ದಿನ ಅದನ್ನು ಪ್ರತಿಮೆಯ ಕಾಲಬುಡದಲ್ಲಿಡಬೇಕೆಂದು ಬಂದ ಗರಡಿಯ ಇಬ್ಬರು ತರುಣರು ಹೆಣಗಿ ಹೆಣಗಿ ಬೆವೆತರು.

“ಸರೀರಿ ಅತ್ಲಾಗ,” ಎನ್ನುತ್ತ ನೀಲವ್ವ ಸೆರಗನ್ನು ನಡುವಿಗೆ ಸಿಕ್ಕಿಸಿ ಕಲ್ಲನ್ನು ಎತ್ತಿಕೊಂಡೇ ನಡೆದಳು.

ಪ್ರತಿಮೆಯ ಬಳಿ ಕಾದಿದ್ದ ಸಮಿತಿಯ ಅಧ್ಯಕ್ಷರು ಬೆಪ್ಪಾದರು. “ಆಯಿ, ಇದನ್ನ ಹೆಂಗ ಎತ್ತಿದಿ?”

“ಅವರು ಒಮ್ಮೆ ಎತ್ತಿದ್ರು. ಅದರ ಬುಡಕ ನೆಲ ಸಾರಸಾಕ ನಾ ದಿನಾ ಎತ್ತೀನ್ರಿ.”

ಅವಳು ಕಲ್ಲನ್ನು ಪ್ರತಿಮೆಯ ಮುಂದೆ ಇಳಿಸಿ ಉಸಿರು ಬಿಟ್ಟಳು. ಕ್ಯಾಮೆರಾಗಳು ಮೇಲೆದ್ದವು. ಅಧ್ಯಕ್ಷರು ಅವಳ ಹತ್ತಿರ ಬಂದು ಮೆಲ್ಲಗೆ ಹೇಳಿದರು:

“ಸ್ವಲ್ಪ ಬಾಜೂಕ ಸರಿ ಆಯಿ. ಪೈಲ್ವಾನ್ರಿಗೆ ಅಡ್ಡ ನಿಂತೀದಿ.”