ಒಂದು ಹಿಡಿ ಕೊಸರು

“ಅರ್ಧ ಕೆ.ಜಿ. ದಾಟೈತಮ್ಮ. ಮುಂದಿನ ರೇಟು ಬೀಳ್ತೈತೆ,” ಎಂದರು ಅಂಚೆ ಕಚೇರಿಯ ಬಸವರಾಜಪ್ಪ.

ಚೈತ್ರಶ್ರೀ ನಂಬಲಿಲ್ಲ. ಮನೆಯಲ್ಲಿ ತೂಗಿ, ಅರ್ಧ ಕೆ.ಜಿ.ಯೊಳಗೇ ಇದೆಯೆಂದು ಖಾತ್ರಿ ಮಾಡಿಕೊಂಡು ತಂದ ಡಬ್ಬ ಅದು. ಫೋನಿನಲ್ಲಿ ಆರ್ಡರ್ ಹಿಡಿದು ಜಗಳೂರಿನಿಂದ ಶೇಂಗಾ ಚಟ್ನಿಪುಡಿ ಕಳಿಸುವ ಅವಳಿಗೆ ಈ ತಿಂಗಳು ಹೀಗಾಗಿದ್ದು ಇದೇ ಮೊದಲಲ್ಲ. ಹಿಂದಿನ ಸಲ ಮನೆಯ ತಕ್ಕಡಿಯ ಮೇಲೆ ಅನುಮಾನಪಟ್ಟು ಹೊಸದನ್ನೇ ಕೊಂಡಿದ್ದಳು. ‘ಅಂಚೆ ಖರ್ಚು ಫ್ರೀ’ ಎಂದು ಊರಿಗೆಲ್ಲ ಸಾರಿದ ಮೇಲೆ ಹೆಚ್ಚಾದದ್ದು ಅವಳ ಕೈಯಿಂದಲೇ ಹೋಗಬೇಕು. ಹೀಗೇ ಹೋಗುತ್ತಿದ್ದರೆ ವ್ಯಾಪಾರ ಮುಚ್ಚಿ, ಮತ್ತೆ ದಾವಣಗೆರೆಯ ಸೀರೆ ಅಂಗಡಿಯಲ್ಲಿ ಬೆಳಗಿನಿಂದ ಸಂಜೆತನಕ ನಿಂತೇ ಇರಬೇಕು. ಏನಾದರಾಗಲಿ ಅಲ್ಲಿಗೆ ವಾಪಸ್ ಕಾಲಿಡುವುದಿಲ್ಲ ಎಂದು ಬಿಟ್ಟು ಬಂದವಳು ಅವಳು.

ಕೌಂಟರಿನ ಮುಂದೆಯೇ ಟೇಪು ಕಿತ್ತಳು. ಚಟ್ನಿಪುಡಿ ಪಾಕೀಟಿನ ಮಗ್ಗುಲಲ್ಲಿ ಹಳೇ ಪೇಪರಿನ ಪೊಟ್ಟಣವೊಂದು ಬೆಚ್ಚಗೆ ಕೂತಿತ್ತು. ಬಿಚ್ಚಿದರೆ ಒಂದು ಹಿಡಿ ಪುಡಿ. ಮನೆಯಲ್ಲಿ ತೂಗುವುದು ಸೊಸೆ, ಟೇಪು ಸುತ್ತುವುದು ಅತ್ತೆ. ಕಳ್ಳರು ಯಾರೆಂದು ಪೊಲೀಸರನ್ನು ಕೇಳಬೇಕಾಗಿರಲಿಲ್ಲ.

“ಕಳ್ಳತನ ಎಲ್ಲಿ ಬಂತು? ಕೊಸರು ಅದು,” ಎಂದಳು ಮನೆಯಲ್ಲಿ ಅತ್ತೆ ಗಾದ್ರಮ್ಮ, ಶೇಂಗಾ ಹುರಿಯುವ ಬಾಣಲೆಯಿಂದ ಕಣ್ಣೆತ್ತದೆ. ವಾರದ ಸಂತೆಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತು ಮಾರಿದ ಹೆಂಗಸು. “ಅಳೆದು ಕೊಟ್ಟಿದ್ದು ವ್ಯಾಪಾರ, ಮ್ಯಾಲೊಂದು ಹಿಡಿ ಹಾಕಿದ್ದು ಮರ್ಯಾದಿ. ಕೊಸರಿಲ್ದೆ ನಾನು ಯಾರಿಗೂ ಕೊಟ್ಟೋಳಲ್ಲ.”

“ಸಂತೆನಾಗೆ ಕೊಸರಿಗೆ ಅಂಚೆಚೀಟಿ ಹಚ್ಚಬೇಕಾಗಿರಲಿಲ್ಲ ಅತ್ತೆ!”

“ಫ್ರೀ ಅಂತ ಹಾಕಿದೋಳು ನೀನು. ಆ ದುಡ್ಡು ಎಲ್ಲಿಂದ ಬರ್ತೈತೆ?”

“ಪಾಕೀಟಿನ ರೇಟಿನಾಗೇ ಸೇರಿಸಿರ್ತೀನಿ. ಎಲ್ರೂ ಮಾಡಾದು ಹಂಗೇ. ಫ್ರೀ ಅನ್ನದಿದ್ರೆ ಒಬ್ರೂ ತಿರುಗಿ ನೋಡಲ್ಲ.”

ಗಾದ್ರಮ್ಮನ ಕೈಯ ಸೌಟು ನಿಂತಿತು. “ಹಂಗಾದ್ರೆ ಚನ್ನಗಿರಿ ನಾಗರತ್ನಮ್ಮ ಮೊನ್ನೆಯಿಂದ ಒಂದೊಂದೇ ಅಂತ ನಾಕು ಪಾಕೀಟು ಹೇಳಿ, ಎಲ್ಲಾನೂ ಒಂದೇ ಡಬ್ಬದಾಗೆ ಕಳಿಸ್ರಿ ಅಂದಾರಲ್ಲ. ಆಯಮ್ಮನ ಹತ್ರ ನಾಕು ಡಬ್ಬದ ಖರ್ಚು ಇಸ್ಕಂಡು, ಅಂಚೇಲಿ ಒಂದು ಡಬ್ಬದ್ದು ಕಟ್ತೀಯಾ?”

ಕೊಸರು ತಿಂದು ಹಾಕಿದ ದುಡ್ಡನ್ನೆಲ್ಲ ಆ ಒಂದು ಡಬ್ಬದಲ್ಲಿ ಗಿಟ್ಟಿಸಿಕೊಳ್ಳಬೇಕೆಂದು ಅಂಚೆ ಕಚೇರಿಯಿಂದ ಬರುವ ದಾರಿಯಲ್ಲೇ ಚೈತ್ರಶ್ರೀ ಅಂದುಕೊಂಡಿದ್ದಳು.

“ಅವರಿಗೆ ಗೊತ್ತಾಗಲ್ಲ ಬಿಡ್ರಿ ಅತ್ತೆ.”

“ನಮಗೆ ಗೊತ್ತೈತಲ್ಲ.”

ಚೈತ್ರಶ್ರೀಗೆ ಮೈಯೆಲ್ಲ ಉರಿದುಹೋಯಿತು. ಅತ್ತೆಯ ಮೇಲೆ ಸಿಟ್ಟು ಬಂತು. ಅತ್ತೆ ಹೇಳಿದ್ದು ನಿಜವಾದ್ದರಿಂದ ಇನ್ನೂ ಜಾಸ್ತಿ ಬಂತು. ಸಿಟ್ಟು ಆರುವ ಮೊದಲೇ ಫೋನು ಹಚ್ಚಿ, ಅತ್ತೆಗೂ ಕೇಳಲೆಂದು ಸ್ಪೀಕರ್ ಒತ್ತಿದಳು.

“ಮೇಡಂ, ಜಗಳೂರಿನಿಂದ ಚೈತ್ರಶ್ರೀ. ನಿಮ್ದು ನಾಕೂ ಒಂದೇ ಡಬ್ಬದಾಗೆ ಬರ್ತಾವೆ. ಅಂಚೆ ಖರ್ಚು ನಿಮ್ಮ ಹತ್ರ ಜಾಸ್ತಿ ಇಸ್ಕಂಡೀನಿ. ಉಳಿದಿದ್ದು ವಾಪಸ್ ಹಾಕ್ತೀನಿ.”

“ಫ್ರೀ ಅಂತ ಇತ್ತಲ್ರೀ?” ಎಂದರು ನಾಗರತ್ನಮ್ಮ.

“ಫ್ರೀ ಅಲ್ಲ ಮೇಡಂ. ರೇಟಿನಾಗೆ ಸೇರಿಸಿದ್ದೆ.” ಇದ್ದ ಒಳ್ಳೆಯ ಗಿರಾಕಿಯೂ ಹೋದಂತೆ ಎಂದುಕೊಂಡಳು.

ಆ ಕಡೆಯಿಂದ ನಗು ಕೇಳಿಸಿತು. “ಅಷ್ಟೂ ಗೊತ್ತಾಗಲ್ವೇನ್ರೀ ನಮಗೆ? ಬಿಟ್ಟಿಯಾಗಿ ಯಾರು ಹೊತ್ಕಂಡು ಬರ್ತಾರೆ! ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೆ. ಅದಿರಲಿ, ಹೋದ ಸಲ ಪೇಪರ್ ಪೊಟ್ಟಣದಾಗೆ ಒಂದು ಹಿಡಿ ಇಟ್ಟಿದ್ರಲ್ಲ, ಅದನ್ನ ಅಕ್ಕಪಕ್ಕದ ಮನೆಯೋರಿಗೆ ರುಚಿ ನೋಡಾಕೆ ಕೊಟ್ಟೆ. ಈ ನಾಕರಾಗೆ ಮೂರು ಅವರದ್ದೇ. ಈ ಸಲಾನೂ ಇಡ್ತೀರಿ ತಾನೆ?”

ಗಾದ್ರಮ್ಮ ಗೆದ್ದವಳಂತೆ ಮುಖ ಮಾಡಲಿಲ್ಲ, ಅದೊಂದು ಪುಣ್ಯ. ಶೇಂಗಾ ಸೀದೀತೆಂದು ಬಾಣಲೆ ಇಳಿಸಿದಳು.

ಫೋನು ಇಟ್ಟ ಚೈತ್ರಶ್ರೀ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಬಂದು ಕೂತಳು. “ಅತ್ತೆ, ಈ ವ್ಯಾಪಾರ ನಾನು ಬಿಡಾಕಿಲ್ಲ. ಕೊಸರೂ ಬಿಡಾದು ಬ್ಯಾಡ. ಆದ್ರೆ ಇನ್ಮೇಲೆ ಕದ್ದು ಇಡಬ್ಯಾಡ್ರಿ, ನಾನು ತೂಗಾಕೆ ಮುಂಚೆ ಇಡ್ರಿ. ಪಾಕೀಟು ಸಣ್ಣದು ಮಾಡ್ತೀನಿ, ರೇಟೂ ಇಳಿಸ್ತೀನಿ. ಕೊಸರು ಸೇರಿ ಒಂದು ಪಾಕೀಟಿನ ಡಬ್ಬ ಅರ್ಧ ಕೆ.ಜಿ.ಯೊಳಗೆ ಇರ್ಬೇಕು.”

“ಹಿಡಿ ಯಾರದು? ನಂದೋ ನಿಂದೋ?” ಗಾದ್ರಮ್ಮ ಅಷ್ಟು ಸುಲಭಕ್ಕೆ ಬಿಡುವವಳಲ್ಲ.

ಚೈತ್ರಶ್ರೀ ಅತ್ತೆಯ ಅಗಲವಾದ ಅಂಗೈಯನ್ನು ನೋಡಿದಳು. ಮನಸ್ಸಿನಲ್ಲೇ ಅದನ್ನು ತಕ್ಕಡಿಗೆ ಹಾಕಿ ನಿಟ್ಟುಸಿರು ಬಿಟ್ಟಳು. “ನಿಮ್ದೇ.”

ಆಮೇಲೆ ಫೋನಿನಲ್ಲಿ ತನ್ನ ಅಂಗಡಿಯ ಪುಟ ತೆರೆದಳು. ‘ಫ್ರೀ’ ಎಂಬ ಮಾತಿನ ಮೇಲೆ ಬೆರಳು ಒಂದು ಗಳಿಗೆ ತಡೆದು ನಿಂತಿತು. ಅವಳಿಗೆ ಗೊತ್ತಿದ್ದ ಅಂಗಡಿಗಳಲ್ಲೆಲ್ಲ ಅದೇ ಮಾತಿತ್ತು. ಇವಳು ಅಳಿಸಿದಳು. ಆ ಜಾಗದಲ್ಲಿ ಬೇರೆ ಬರೆದು, ಓದು ಬಾರದ ಅತ್ತೆಗೆ ಕೇಳುವಂತೆ ಗಟ್ಟಿಯಾಗಿ ಓದಿದಳು:

“ಎಷ್ಟು ಪಾಕೀಟಾದರೂ ಡಬ್ಬ ಒಂದೇ. ಅಂಚೆ ಖರ್ಚು ನಿಮ್ಮದು, ಕೊಸರು ನಮ್ಮದು.”