ರೋಬೋಟಿನ ಬೀಗದ ಕೈ

ಟಿವಿಯ ಆಟದಲ್ಲಿ ಪುಟ್ಟ ರೋಬೋಟ್ ಮುಚ್ಚಿದ ಬಾಗಿಲ ಮುಂದೆ ಪೆಚ್ಚಾಗಿ ನಿಂತಿತ್ತು. ಬೀಗದ ಕೈ ಹುಡುಕಿ ಹುಡುಕಿ ಮೊಮ್ಮಗಳು ಸೋತಿದ್ದಳು.

"ಹೂಕುಂಡ ಸರಿಸಿ ನೋಡೇ," ಎಂದರು ಅಜ್ಜಿ, ಅವರೆಕಾಯಿ ಬಿಡಿಸುತ್ತ.

ರೋಬೋಟ್ ಕುಂಡ ಸರಿಸಿತು. ಬೀಗದ ಕೈ ಅಲ್ಲೇ ಇತ್ತು!

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದೂ ಒಂದು ಒಗಟಾ? ಕಳ್ಳ ಮೊದ್ಲು ನೋಡೋದೇ ಅಲ್ಲಿ. ಅಲ್ಲಿಡೋನು ಎಂಥಾ ಪೆದ್ದ ಇರ್ಬೇಕು!"

"ಹೌದು ರೀ," ಎಂದರು ಅಜ್ಜಿ, ತಲೆಯೆತ್ತದೆ.

ಅಜ್ಜನ ನಗು ಗಕ್ಕನೆ ನಿಂತಿತು. ಗಾಳಿಗೆಂಬಂತೆ ಮೆಲ್ಲನೆ ಹೊರಗೆ ಹೋಗಿ, ಮೆಟ್ಟಿಲ ಪಕ್ಕದ ದಾಸವಾಳದ ಕುಂಡ ಎತ್ತಿದರು. ತಾವೇ ಅಲ್ಲಿಟ್ಟಿದ್ದ ಮನೆಯ ಇನ್ನೊಂದು ಬೀಗದ ಕೈ ಕಾಣಲಿಲ್ಲ.

ಒಳಗಿನಿಂದ ಅಜ್ಜಿಯ ದನಿ ಬಂತು: "ಅಲ್ಲಿಲ್ಲ ರೀ! ಮೊನ್ನೆ ಮಧ್ಯಾಹ್ನ ನೀವು ಮಲಗಿದ್ದಾಗ ನಾನೂ ಈ ಆಟ ಆಡಿದ್ದೆ, ಆಗ್ಲೇ ಎತ್ತಿಟ್ಟೆ."